ಕವಲನ್ನು ಬೇರೆ ಮಾಡಿದ್ದು

ಕೊಪ್ಪದ ಬಾಳಗಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವನ್ನು ನಾಲ್ಕು ವರ್ಷದಿಂದ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದೆ. ಅದು ನಾನು ಬರೆದದ್ದಲ್ಲ. ಬೇರೆ ದೇಶದ ಕೆಲವರು ಹಲವು ಭಾಷೆಗಳಿಗೆಂದು ಬರೆದು, ಯಾರು ಬೇಕಾದರೂ ತಿದ್ದಿ ಬಳಸಲಿ ಎಂದು ತೆರೆದಿಟ್ಟಿದ್ದರು. ನಾನು ಅದರದೊಂದು ಪ್ರತಿ ತೆಗೆದು ಕನ್ನಡದ ಉಚ್ಚಾರ ಸರಿಪಡಿಸುತ್ತ ಹೋದೆ. ಇಂಥ ಪ್ರತಿಗೆ ಫೋರ್ಕ್ ಎನ್ನುತ್ತಾರೆ, ಮೂಲದಿಂದ ಒಡೆದ ಕವಲು. ಮೂಲದವರು ಏನು ಬದಲಿಸಿದರೂ ಅದನ್ನು ನನ್ನ ಕವಲಿಗೂ ತಂದುಕೊಳ್ಳುತ್ತಿದ್ದೆ. ಉಚ್ಚಾರದ ನಿಯಮ ಹೇಳಿಕೊಟ್ಟವರು ಶೃಂಗೇರಿಯ ನಿವೃತ್ತ ಸಂಸ್ಕೃತ ಪಂಡಿತರೊಬ್ಬರು. ದಿನವೂ ಬಳಸುತ್ತಿದ್ದವರು ನರಸಿಂಹರಾಜಪುರದ, ಕಣ್ಣು ಕಾಣದ ಹೈಸ್ಕೂಲ್ ಮೇಷ್ಟ್ರು.

ಒಂದು ಭಾನುವಾರ ಮೂಲದವರ ಹೊಸ ಬದಲಾವಣೆಗಳನ್ನು ಅವಸರದಲ್ಲಿ ಸೇರಿಸಿಬಿಟ್ಟೆ. ಆ ವಾರವೇ ಮೇಷ್ಟ್ರ ಶಾಲೆಯಲ್ಲಿ ತಾಲ್ಲೂಕಿನ ಪ್ರಬಂಧ ಸ್ಪರ್ಧೆಯ ಬಹುಮಾನ ವಿತರಣೆ. ಅವರು ಇಯರ್‌ಫೋನ್ ಹಾಕಿಕೊಂಡು, ಫೋನು ಓದಿದಂತೆ ಹೆಸರು ಕೂಗಿದರು. ಹೊಸ ಬದಲಾವಣೆ ನಮ್ಮ ಒತ್ತಕ್ಷರದ ನಿಯಮಗಳನ್ನು ಅಳಿಸಿಹಾಕಿತ್ತು. ಮೊದಲ ಬಹುಮಾನದ ಹುಡುಗಿಯ ಹೆಸರು ಗುರುತು ಸಿಗದಷ್ಟು ಕೆಟ್ಟಿತು. ಎರಡು ಸಲ ಕೂಗಿದರೂ ಅವಳು ಏಳಲಿಲ್ಲ. ಅದು ತನ್ನ ಹೆಸರೆಂದು ಅವಳಿಗೆ ತಿಳಿಯಲೇ ಇಲ್ಲ. ಸಭೆ ನಕ್ಕಿತಂತೆ.

ಸುದ್ದಿ ತಿಳಿದ ಮರುದಿನವೇ ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋದೆ. ತಪ್ಪು ನನ್ನದೆಂದು ಹೇಳಿದೆ. ಅವರು ಬೈಯಲಿಲ್ಲ. ಆ ಹುಡುಗಿ ಸೀತೂರಿನವಳು, ಅಪ್ಪ ಅಮ್ಮನೂ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು ಎಂದಷ್ಟೇ ತಿಳಿಸಿದರು. ಅದೇ ನನ್ನನ್ನು ಹೆಚ್ಚು ನೋಯಿಸಿತು.

"ಹೊಸತು ಎಂತದೂ ಬೇಡ ಮಾರಾಯ್ರೆ," ಎಂದರು. "ಹೋದ ವಾರ ಸರಿ ಓದಿದ್ದನ್ನ ಈ ವಾರವೂ ಸರಿ ಓದ್ಬೇಕು. ನಂಗೆ ಅಷ್ಟು ಸಾಕು."

ಕೊಪ್ಪಕ್ಕೆ ಮರಳುವ ದಾರಿಯಲ್ಲಿ ಮನಸ್ಸು ಗಟ್ಟಿಯಾಯಿತು. ಮೂಲಕ್ಕೂ ಸೇರಲಿ ಎಂದು ನಾನು ಕಳಿಸಿದ್ದ ಕನ್ನಡದ ತಿದ್ದುಪಡಿಗಳನ್ನು ಮೂಲದವರು ಮೂರು ಸಲ ವಾಪಸು ಕಳಿಸಿದ್ದರು. ಬೇರೆ ಭಾಷೆಗಳಿಗೆ ಅವು ಹೊಂದುತ್ತಿರಲಿಲ್ಲ, ಅವರದೂ ತಪ್ಪಲ್ಲ. ಆದರೆ ನನ್ನ ಕೆಲಸ ಅವರ ಹಿಂದೆಯೇ ಓಡುತ್ತಿದ್ದರೆ ಇನ್ನೊಬ್ಬ ಹುಡುಗಿಯ ಹೆಸರೂ ಕೆಡುತ್ತದೆ. ಕವಲು ತನ್ನದೇ ಹೆಸರಿನ ಸ್ವತಂತ್ರ ತಂತ್ರಾಂಶವಾಗಬೇಕು.

ಪಂಡಿತರು ಒಪ್ಪಲಿಲ್ಲ. ಅಷ್ಟು ಜನರ ಆಸರೆ ಬಿಟ್ಟು ಒಬ್ಬಳೇ ಹೊರುವುದು ಹುಚ್ಚು ಎಂದು ಫೋನಿನಲ್ಲಿ ಹೇಳಿದರು. ಶೃಂಗೇರಿಗೇ ಹೋಗಿ ಎದುರು ಕೂತೆ.

"ಬೇರೆ ಆದ್ಮೇಲೆ ಕೆಟ್ಟರೆ ಯಾರನ್ನ ಕೇಳ್ತೀಯ?"

"ನನ್ನನ್ನೇ ಕೇಳ್ಬೇಕು. ಈಗಲೂ ಅಷ್ಟೇ ಅಲ್ವಾ?"

ಹೊರಡುವುದಾದರೆ ಅವರಿಗೆ ಹೇಳಿಯೇ ಹೊರಡು ಎಂದರು ಪಂಡಿತರು. ಅವರೆದುರೇ ಮೂಲದವರಿಗೆ ಇಮೇಲ್ ಬರೆದೆ. ಬರೆದವರೆಲ್ಲರ ಹೆಸರು, ಹಳೆಯ ತಿದ್ದುಪಡಿಗಳ ಚರಿತ್ರೆ, ಬಳಕೆಯ ಷರತ್ತು ಎಲ್ಲವೂ ಹಾಗೆಯೇ ಉಳಿಯುತ್ತವೆ ಎಂದೆ. ಎರಡು ದಿನಕ್ಕೆ ಉತ್ತರ ಬಂತು: ಸರಿಯಾದ ನಿರ್ಧಾರ, ನಾವೇ ಹೇಳೋಣವೆಂದಿದ್ದೆವು.

ಶನಿವಾರ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಕೂತು ಕವಲನ್ನು ಬೇರೆ ಮಾಡಿದೆ. ಕೆಲಸ ಕಮ್ಮಿಯಾಗಲಿಲ್ಲ, ಹೆಚ್ಚಾಯಿತು. ಮೂಲದಲ್ಲಿ ಬೇಕಾದ ತಿದ್ದುಪಡಿ ಕಂಡರೆ ಈಗ ಸಾಲುಸಾಲಾಗಿ ಓದಿ, ನಾನೇ ಆರಿಸಿ ತರುತ್ತೇನೆ. ಪ್ರತಿ ಹೊಸ ಆವೃತ್ತಿಯ ಬಿಡುಗಡೆಗೆ ಮುಂಚೆ ಮೇಷ್ಟ್ರು ಒಂದು ಇಡೀ ಪಾಠ ಕೇಳಿಸಿಕೊಂಡು ಹೂಂ ಎನ್ನಬೇಕು. ಕಳೆದ ಬಾರಿ ಅವರು ಎರಡು ಸಲ ಬೇಡವೆಂದರು. ಎರಡು ಸಲವೂ ಬಿಡುಗಡೆಯನ್ನು ಮುಂದೂಡಿದೆ.