ಬಷೀರನಿಗೆ ಮಾರಿದ ಗಟ್ಟಿ ಸ್ಪ್ರಿಂಗು

ಗಾಡಿಯ ಕುಲುಕು ನುಂಗುವ ಒಂದು ಜೋಡಿ ಶಾಕಪ್ಪಿಗೆ ನಾನು ಬಷೀರನಿಂದ ಹದಿನಾಲ್ಕು ಸಾವಿರ ತೆಗೆದುಕೊಂಡೆ. ಅವನು ತೆತ್ತದ್ದು ಬಲಗೈಯ ಮಣಿಕಟ್ಟು. ಅವನ ಮೈಗೆ ಸಲ್ಲದ ಮಾಲು ಎಂದು ಗೊತ್ತಿದ್ದೇ ಮಾರಿದೆ; ಅವನು ಬಿದ್ದ ಮೇಲೂ ವರ್ಷಗಟ್ಟಲೆ ನಾನು ಬಾಯಿ ಬಿಡಲಿಲ್ಲ. ಅಷ್ಟು ಬೆಲೆ ಯಾಕೆಂದರೆ — ಅದು ಮಾಲಿನ ಬೆಲೆಯೇ ಅಲ್ಲ, ಅವನ ಮುಖದ ಮೇಲಿದ್ದ ಆಸೆಗೆ ನಾನು ಕಟ್ಟಿದ ಬೆಲೆ.

ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕ ನನ್ನದು ಹಳೆಯ ಗಾಡಿ ಮತ್ತು ಬಿಡಿಭಾಗಗಳ ಅಂಗಡಿ. ಗುಜರಿ ಹೆಕ್ಕಿ ಮೇಲೆ ಬಂದವನು ನಾನು. ಮುಚ್ಚಿಹೋದ ರೆಸಾರ್ಟುಗಳಿಂದ ಕ್ವಾಡ್ ಬೈಕುಗಳನ್ನು ತಂದು ಮಾರುತ್ತಿದ್ದೆ — ನಾಲ್ಕು ದಪ್ಪ ಗಾಲಿ, ಬೈಕಿನಂಥ ಹ್ಯಾಂಡಲ್ಲು, ಹೊಲದಲ್ಲಿ ಹಾರಿಸುತ್ತ ಓಡಿಸುವ ಗಾಡಿ. ಕೊಳ್ಳಲು ಬರುವವರನ್ನು ಕಂಡರೆ ನನಗೆ ಸಸಾರ. ಹಿರೇಕೆರೂರಿನ ಒಬ್ಬ ಅಡತಿ ವ್ಯಾಪಾರಿ ಸ್ಪ್ರಿಂಗಿನ ಬಣ್ಣ ಕೆಂಪಿದೆಯೇ ಎಂದಷ್ಟೇ ಕೇಳಿ ದುಡ್ಡು ಎಣಿಸಿಕೊಟ್ಟ. ಹಾನಗಲ್ಲಿನ ಒಬ್ಬ ಗುತ್ತಿಗೆದಾರ ತನ್ನ ಕ್ವಿಂಟಲ್ ಮೈಗೆ ತಕ್ಕಂತೆ ಬಿಗಿ ಸ್ಪ್ರಿಂಗಿನ ಶಾಕಪ್ ತರಿಸಿ, ಎರಡು ಸಲ ಕೂತು, ಸೊಂಟ ಹಿಡಿಯಿತೆಂದು ವಾಪಸು ಒಗೆದು ಹೋದ. ಹೀಗೆ ನನ್ನ ಕೊರಳಿಗೆ ಬಿದ್ದದ್ದು ಆ ಜೋಡಿ. ಆ ತೂಕದ ಇನ್ನೊಬ್ಬ ಶೋಕಿಲಾಲ ಬರುವವರೆಗೆ ಧೂಳು ತಿನ್ನಬೇಕಿತ್ತು.

ಬಂದವನು ಬಷೀರ. ಸವಣೂರಿನ ಟೇಲರ್, ಒಣಗಿದ ತೊಗರಿಕಟ್ಟಿಗೆಯಂಥ ಆಳು. ವಾರವೆಲ್ಲ ಹೊಲಿಗೆ ಯಂತ್ರದ ಮೇಲೆ ಬಗ್ಗಿ, ಶುಕ್ರವಾರ ನಮಾಜು ಮುಗಿಸಿ ಹತ್ತಿಮತ್ತೂರಿನಲ್ಲಿ ಸೋದರಮಾವನ ಬೀಳು ಹೊಲಕ್ಕೆ ಹೋಗುತ್ತಿದ್ದ. ನನ್ನಿಂದಲೇ ಕೊಂಡ ಕ್ವಾಡನ್ನು ಅಲ್ಲಿ ಸಂಜೆಯವರೆಗೆ ಓಡಿಸುತ್ತಿದ್ದ. ಊರು ನಗುತ್ತಿತ್ತು. ನಾನೂ ನಗುತ್ತಿದ್ದೆ.

"ಅಣ್ಣಾರ, ತಿರುವಿನ್ಯಾಗ ಮುಂದ ಮುಗ್ಗರಸಾಕತ್ತೈತ್ರಿ. ಒಂದು ಗಟ್ಟಿ ಜೋಡಿ ಕೊಡ್ರಿ."

ನೋಡಿದೆ. ಶಾಕಪ್ಪಿನ ಸೀಲು ಒಡೆದು ಎಣ್ಣೆ ಸೋರಿತ್ತು, ಅಷ್ಟೇ. ಸೀಲು, ಎಣ್ಣೆ, ಅರ್ಧ ದಿನದ ಕೆಲಸ. ಆದರೆ ಅವನು 'ಗಟ್ಟಿ' ಅಂದುಬಿಟ್ಟಿದ್ದ. ನಮ್ಮ ಕಡೆ ಗಟ್ಟಿ ಅಂದರೆ ಬಾಳಿಕೆಯದು, ನಂಬಬಹುದಾದದ್ದು — ಅವನು ಕೇಳಿದ್ದು ಅದನ್ನು. ನನ್ನ ಕಪಾಟಿನಲ್ಲಿದ್ದದ್ದು ಇನ್ನೊಂದು ಗಟ್ಟಿ: ಬಗ್ಗದ್ದು, ಹಗುರ ಮೈ ಕೂತರೆ ಒಂದು ಬೆರಳೂ ಇಳಿಯದ್ದು. ಅಂಥ ಸ್ಪ್ರಿಂಗು ದಿಣ್ಣೆ ನುಂಗುವುದಿಲ್ಲ, ಗಾಲಿಯನ್ನೇ ನೆಲದಿಂದ ಎತ್ತಿ ಒಗೆಯುತ್ತದೆ. ಇದೆಲ್ಲ ನನಗೆ ಆ ಕ್ಷಣಕ್ಕೇ... ಗೊತ್ತಿತ್ತು.

"ಗಟ್ಟಿ ಅದಾವೇನ್ರಿ ಅಣ್ಣಾರ?" ಮತ್ತೊಮ್ಮೆ ಕೇಳಿದ.

"ಇದಕ್ಕಿಂತ ಗಟ್ಟೀವು ಈ ಜಿಲ್ಲಾದಾಗ ಸಿಗಂಗಿಲ್ಲ ತಗೋ."

ಮೈಗೆ ಟೇಪು ಹಿಡಿಯದೆ ಬಟ್ಟೆಗೆ ಕತ್ತರಿ ಹಾಕದ ಮನುಷ್ಯ. ನನ್ನ ಮಾತಿನ ಮೇಲೆ ಯಾವ ಅಳತೆಯನ್ನೂ ಕೇಳದೆ ದುಡ್ಡು ಕೊಟ್ಟ. ಅವನ ಸೋರುವ ಹಳೆಯ ಜೋಡಿಯನ್ನು ಗುಜರಿ ಎಂದು ಬಿಟ್ಟಿಯಾಗಿ ಇಟ್ಟುಕೊಂಡೆ.

ಮುಂದಿನ ಶುಕ್ರವಾರ ತಿರುವಿನಲ್ಲಿ, ಒಣಗಿದ ಗಾಡಿಜಾಡಿಗೆ ಮುಂದಿನ ಗಾಲಿ ತಾಗಿ ನೆಗೆದು, ಹ್ಯಾಂಡಲ್ಲು ಕೈ ತಿರುಚಿ, ಕ್ವಾಡು ಅವನ ಮೇಲೆ ಮಗುಚಿತು. ನೋಡಲು ಆಸ್ಪತ್ರೆಗೆ ಹೋದೆ. ಬಾಳೆಹಣ್ಣು ಒಯ್ದಿದ್ದೆ, ಸತ್ಯ ಒಯ್ದಿರಲಿಲ್ಲ. ಮಂಚದ ಸುತ್ತ ಅವನ ನೆಂಟರು ನಿಂತಿರುವಾಗ ಹೇಳಿದೆ:

"ಸೂಜಿ ಹಿಡಿಯೋ ಕೈಲೆ ಹ್ಯಾಂಡಲ್ ಹಿಡಿಯಾಕ ಹೋದ್ರ ಹಿಂಗ ಆಗೂದೋ ಬಷೀರ."

ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ, ಗಾಡಿ ನೀವೇ ಒಯ್ದುಬಿಡಿ, ನನಗೆ ಓಡಿಸಲು ಬರುವುದಿಲ್ಲ ಎಂದ. ಕೊಂಡೆ, ಅವನು ಹೇಳಿದ ದರಕ್ಕೆ ಅಲ್ಲ — ಅಲ್ಲಿಯೂ ಚೌಕಾಸಿ ಮಾಡಿ ಇಳಿಸಿದೆ. ಮುರಿದ ಕೈಯವನ ಹತ್ತಿರ.

ಇನ್ನು ಉಳಿದದ್ದನ್ನೂ ಹೇಳಿಬಿಡಬೇಕು. ಅವನ ಹಳೆಯ ಜೋಡಿಗೆ ಹೊಸ ಸೀಲು, ಎಣ್ಣೆ ಹಾಕಿ ಅದೇ ಕ್ವಾಡಿಗೆ ತಿರುಗಿ ಕೂಡಿಸಿದೆ. ಹತ್ತಿಮತ್ತೂರಿನ ಅದೇ ತಿರುವಿಗೆ ಒಯ್ದು ಓಡಿಸಿದೆ. ಗಾಲಿ ಜಾಡಿಗಿಳಿದು ಎದ್ದಿತು, ಕೈಗೆ ಸುಳಿವೂ ಇಲ್ಲ. ನನ್ನ ಕಣ್ಣಾರೆ ನಾನೇ ನೋಡಿದೆ, ಅವನ ತಪ್ಪಲ್ಲವೆಂದು. ಮಾರನೇ ವಾರ ಹಂಸಭಾವಿಯವರಿಗೆ ಲಾಭಕ್ಕೆ ಮಾರಿದೆ. ಶೋಕಿಗಾರರನ್ನು ಕಂಡು ಮೂಗು ಮುರಿಯುತ್ತಿದ್ದ ನಾನು — ಅವರು ಬಣ್ಣ ನೋಡಿ ಮೋಸ ಹೋಗುವ ಪೆದ್ದರು, ನಾನು ತೂಕ ನೋಡಿ ಮೋಸ ಮಾಡಿದವನು. ಇಬ್ಬರಲ್ಲಿ ಯಾರು ಕೀಳೆಂದು ಬಿಡಿಸಿ ಹೇಳಬೇಕಿಲ್ಲ.

ಹೋದ ತಿಂಗಳು ಸವಣೂರಿಗೆ ಹೋಗಿ ಬಷೀರನಿಗೆ ಎಲ್ಲ ಹೇಳಿದೆ. ಈಗ ಅವನ ತಮ್ಮ ಬಟ್ಟೆ ಕತ್ತರಿಸುತ್ತಾನೆ. ಬಷೀರ ಟೇಪು ಹಿಡಿದು ಅಳತೆ ಮಾತ್ರ ತೆಗೆಯುತ್ತಾನೆ. ಎಲ್ಲ ಕೇಳಿದ. ಕೊರಳ ಟೇಪು ಸುತ್ತಿದ, ಬಿಚ್ಚಿದ.

"ನನಗ ಓಡಸಾಕ ಬರ್ತಿತ್ತು ಹಂಗಾರ," ಎಂದ.

ನಾನು ಜೇಬಿನಿಂದ ದುಡ್ಡು ತೆಗೆದು ಅವನ ಮುಂದಿಟ್ಟೆ.

"ನೀವರ ಎಲ್ಲಿ ಸುಳ್ಳು ಹೇಳೀರಿ? ಗಟ್ಟೀನ ಇದ್ವು. ಈಗ ಕೈನೂ ಗಟ್ಟಿ ಆಗೇತಿ, ಬಗ್ಗಂಗಿಲ್ಲ."

ಪ್ರತಿ ಮಾತಿಗೂ 'ಅಣ್ಣಾರ' ಅನ್ನುತ್ತಿದ್ದವನು ಅವತ್ತು ಒಮ್ಮೆಯೂ ಅನ್ನಲಿಲ್ಲ. ಚಹಾ ಕುಡೀತೀರೇನು ಎಂದೂ ಕೇಳಲಿಲ್ಲ. ನಾನು ಮುಂದಿಟ್ಟ ದುಡ್ಡನ್ನು ಟೇಪಿನ ತುದಿಯಿಂದ ನನ್ನ ಕಡೆ ಸರಿಸಿ, ಮುಂದಿನ ಗಿರಾಕಿಯ ಭುಜ ಅಳೆಯತೊಡಗಿದ.

ನನ್ನ ಹತ್ತಿರ ಉಳಿದಿರುವುದು ಇಷ್ಟು ತಿಳಿವಳಿಕೆ; ಬಿಟ್ಟಿಯಾಗಿ ತೆಗೆದುಕೊಳ್ಳಿ. ಕ್ವಾಡಿನ ಶಾಕಪ್ ಬದಲಿಸುವ ಮುನ್ನ ಸೋರುವ ಸೀಲು, ಟೈರಿನ ಗಾಳಿ, ಹ್ಯಾಂಡಲ್ಲಿನ ಸಡಿಲು ನೋಡಿರಿ. ಅರ್ಧ ರೋಗ ಅಲ್ಲಿಯೇ ಇರುತ್ತದೆ. ಆಮೇಲೂ ಬೇಕೆಂದರೆ ಅಂಗಡಿಗೆ ಟೇಪು ಒಯ್ಯಿರಿ. ಮುಂಭಾಗ ಎತ್ತಿ, ಗಾಲಿ ಜೋತಾಡುವಾಗ ಗಾಲಿಯ ನಡುವಿನಿಂದ ಮೇಲಿನ ಚೌಕಟ್ಟಿನವರೆಗೆ ಅಳೆಯಿರಿ. ಇಳಿಸಿ, ಹೆಲ್ಮೆಟ್ ಹಾಕಿ ಕೂತು, ಇನ್ನೊಬ್ಬರಿಂದ ಮತ್ತೆ ಅಳೆಸಿರಿ. ಗಾಲಿ ಒಟ್ಟು ಆಡುವ ದೂರದಲ್ಲಿ ಸುಮಾರು ಮೂರನೇ ಒಂದು ಪಾಲು ಇಳಿದಿರಬೇಕು. ಹೆಚ್ಚುಕಡಿಮೆ ಏನೂ ಇಳಿಯದಿದ್ದರೆ ಅದು ನಿಮ್ಮ ಮೈಗೆ ಹೊಲಿದದ್ದಲ್ಲ. ಮಾರುವವನು 'ಗಟ್ಟಿ ಅದಾವ' ಅಂದರೆ, ಯಾರ ತೂಕಕ್ಕೆ ಎಂದು ಕೇಳಿರಿ. ತಡವರಿಸಿದರೆ ದುಡ್ಡು ಜೇಬಿಗಿಳಿಸಿ ಎದ್ದು ಬನ್ನಿ — ಅಂಗಡಿ ನನ್ನದಾಗಿದ್ದರೂ.