ಇಲ್ಲದ ಮೇಲ್ಮೈಗೆ ಸುತ್ತಿದ ದಾರ

ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ಮೇಜಿನ ಮೇಲೊಂದು ಸ್ಟೂಲು ಕಾಲು ಮೇಲೆ ಮಾಡಿ ಮಲಗಿದೆ. ಅದರ ಕಾಲುಗಳಿಗೆ ಕೆಂಪು ದಾರ ಸುತ್ತುತ್ತಾ, ಬಿಚ್ಚುತ್ತಾ ಕುಳಿತಿದ್ದಾರೆ ಕಾಲೇಜಿನ ಗಣಿತದ ಮೇಡಂ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಲ್ಲುತ್ತದೆ. ಟೈಲರ್ ಗಂಡ ಕೂಗುತ್ತಾರೆ: "ಆ ದಾರ ಗಿರಾಕಿಯ ಕೋಟು ಹೊಲಿಯೋಕೆ ತಂದಿದ್ದು ಕಣೇ, ನಿನ್ನ ಸ್ಟೂಲಿಗಲ್ಲ!"

"ಇರ್ರೀ, ಕೊಡ್ತೀನಿ. ಗಣಿತ ಮಾಡಿದ್ರೆ ದಾರ ಸವೆಯಲ್ಲ."

ಹಗಲಲ್ಲಿ ಪಾಠ. ಮುಂಜಾನೆಯ ಕೆಲಸವೇ ಬೇರೆ: ಗಣಿತದ ಪತ್ರಿಕೆಗೆ ಬರುವ ಲೇಖನಗಳ ತರ್ಕ ಸರಿಯಿದೆಯೇ ಎಂದು ಸಾಲುಸಾಲಾಗಿ ನೋಡುವುದು. ಸಂಬಳವಿಲ್ಲ. ನೋಡಿದವರು ಯಾರೆಂದು ಬರೆದವರಿಗೆ ತಿಳಿಯಬಾರದೆಂಬುದೇ ನಿಯಮ. "ಹೊಲಿಗೆ ಕಾಣಬಾರದು ಅಂತಾರೆ ನನ್ನ ಗಿರಾಕಿಗಳು. ಹೊಲಿದವಳೇ ಕಾಣಬಾರದು ಅಂತಾರೆ ಇವಳ ಗಿರಾಕಿಗಳು," ಎಂದು ಟೈಲರ್ ನಗುತ್ತಾರೆ.

ಈಗ ಬಂದಿರುವುದು ಹೊಸಬರೊಬ್ಬರ ಲೇಖನ. ಬರೆದವರ ಹೆಸರನ್ನೂ ಮುಚ್ಚಿ ಕಳಿಸಿರುವುದರಿಂದ ಅವರನ್ನು ಮೇಡಂ "ಮಗು" ಎನ್ನುತ್ತಾರೆ. ವಿಷಯ ಕೇಳಿದರೆ ತಲೆ ಗಿರ್ರೆನ್ನುತ್ತದೆ. ಒಂದು ಸಮೀಕರಣ ಬರೆದರೆ ಅದೊಂದು ಮೇಲ್ಮೈ. ಎಲ್ಲೆಡೆ ನುಣುಪಲ್ಲ, ಅಲ್ಲಲ್ಲಿ ಮಡಿಕೆ, ಚೂಪು, ತನ್ನನ್ನೇ ತಾನು ದಾಟಿದ ಜಾಗ. ಆ ಮೇಲ್ಮೈಯನ್ನೇ ಕಿತ್ತುಹಾಕಿ, ಉಳಿದ ಬಯಲಿನಲ್ಲಿ ದಾರ ಹಿಡಿದು ಸುತ್ತಾಡಿ, ಹೊರಟಲ್ಲಿಗೇ ಮರಳಬೇಕು. ಗಣಿತದವರ ಲೋಕದಲ್ಲಿ ಆಯಾಮಗಳು ಹೆಚ್ಚು. ಮೇಲ್ಮೈ ಗೋಡೆಯಂತೆ ಅಡ್ಡ ನಿಲ್ಲದೆ ಕಂಬದಂತೆ ಸುತ್ತು ಹಾಕಿಸಿಕೊಳ್ಳುತ್ತದೆ. ದಾರ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಲೆಕ್ಕಕ್ಕೆ ಮೂಲಭೂತ ಗುಂಪು ಎಂದು ಹೆಸರು. ಇಲ್ಲದ್ದನ್ನು ಮುಟ್ಟದೆ, ಬರೀ ಸುತ್ತಿ ಸುತ್ತಿ ಅದರ ಗುಟ್ಟು ತಿಳಿಯುವುದು! ಇದನ್ನು ಕೇಳುತ್ತಾ ಕೂತರೆ ಯಾರ ಕೈಯ ಕಾಫಿಯಾದರೂ ಆರುತ್ತದೆ.

"ಈ ಸ್ಟೂಲಿನ ಎಡಗಾಲು ಸುತ್ತಿ ಬಲಗಾಲು ಸುತ್ತೋದು ಬೇರೆ, ಬಲ ಮೊದಲು ಸುತ್ತೋದು ಬೇರೆ. ಆದ್ರೆ ಎಲ್ಲೋ ದೂರದಲ್ಲಿ ಅವೆರಡೂ ಸಲೀಸಾಗಿ ಒಂದನ್ನೊಂದು ದಾಟಿದ್ರೆ, ದಾರ ಅಲ್ಲಿಗೆ ಜಾರುತ್ತೆ, ಯಾವುದು ಮೊದಲು ಅನ್ನೋ ಜಗಳವೇ ಮಾಯ! ಚೂಪಿದ್ದ ಕಡೆ ಜಗಳ ಉಳಿಯೋದುಂಟು. ಇಷ್ಟು ಚೂಪಿದ್ರೂ ಇಲ್ಲಿ ಜಗಳವೇ ಇಲ್ಲ ಅಂತಿದೆ ಮಗು. ನಿಜ ಆದ್ರೆ... ಅಬ್ಬಾ!"

ನಿಜವೇ ಎಂಬುದೇ ಈಗ ಸಂಕಟ. ಇಡೀ ಮೇಲ್ಮೈ ಹಿಡಿತಕ್ಕೆ ಸಿಗದೆಂದು ಅದನ್ನು ಚಪ್ಪಟೆ ಹೋಳಾಗಿ ಕೊಯ್ದು ನೋಡುವುದು ರೂಢಿ. ಎಲ್ಲಿ ಬೇಕಾದರೂ ಕೊಯ್ಯಬಹುದು, ವಿಶೇಷ ಜಾಗದಲ್ಲಿ ಮಾತ್ರ ಕೂಡದು, ಅಲ್ಲಿನ ಲೆಕ್ಕ ಇಡೀ ಮೇಲ್ಮೈಗೆ ಒಪ್ಪದೆ ಹೋಗಬಹುದು. "ಲೆಕ್ಕ ಸುಲಭ ಆಗ್ಲಿ ಅಂತ ಎಡಬಲ ಒಂದೇ ಥರ ಇರೋ ಚೆಂದದ ಜಾಗದಲ್ಲೇ ಕೊಯ್ದಿದೆ ಮಗು. ಚೂರಿ ಹೋಗಿ ಚೂಪಿಗೇ ತಾಗಿದೆ. ಚೆಂದಕ್ಕೆ ಮರುಳಾಗೋದು ನಮ್ಮೆಲ್ಲರ ರೋಗ."

ಪತ್ರಿಕೆಯ ಸಂಪಾದಕರು ಫೋನು ಮಾಡಿದ್ದರು. ಮೇಡಂ ಮೂಗು ಹಿಡಿದು ಅವರ ದನಿ ತೆಗೆಯುತ್ತಾರೆ: "ಮೇಡಂ, ಹೂಂ ಅನ್ನಿ, ಊಹೂಂ ಅನ್ನಿ, ಇವತ್ತೇ ಅನ್ನಿ. ಇದರ ಮೇಲೇ ಪಾಪ ಬರೆದವರ ನೌಕರಿ ನಿಂತಿದೆ." ಮೂಗು ಬಿಟ್ಟ ಮೇಲೆ ನಗುವಿಲ್ಲ. "ಪಾಪ ಅಂತ ಹೂಂ ಅನ್ನೋಕಾಗಲ್ಲ. ಸುಳ್ಳಿಗೆ ಹೂಂ ಅಂದ್ರೆ ಅದರ ಮೇಲೆ ಇನ್ನೊಬ್ಬರು ಮನೆ ಕಟ್ತಾರೆ."

ಬೆರಳಿಂದ ಸ್ಟೂಲನ್ನು ಚೂರು ಸರಿಸುತ್ತಾರೆ. ಸ್ಟೂಲು ಸರಿದರೂ ಸಡಿಲವಾಗಿ ಸುತ್ತಿದ ದಾರ ಕಾಲಿಗೆ ತಾಗದೆ ಹಾಗೇ ಇದೆ. ಕೈ ನಿಲ್ಲುತ್ತದೆ.

"ರೀ! ಬನ್ನಿ ಇಲ್ಲಿ!"

"ಮುಗೀತಾ ದಾರ?"

"ಕೇಳಿ. ಈ ಕೆಟ್ಟ ಹೋಳನ್ನ ಒಂಚೂರು ಸರಿಸಿದ್ರೆ ಸಾಧಾರಣ ಹೋಳು ಆಗುತ್ತೆ. ಆ ಸಾಧಾರಣ ಹೋಳಿನ ಸುತ್ತೆಲ್ಲ ಈ ಕೆಟ್ಟದ್ದರ ಸುತ್ತಿಂದಲೇ ಆಗಿರೋದು. ಹೆಚ್ಚು ಗೋಜಲಿರೋ ಕಡೆಯೇ ಜಗಳ ಇಲ್ಲ ಅಂದ್ಮೇಲೆ ಕಮ್ಮಿ ಇರೋ ಕಡೆ ಎಲ್ಲಿಂದ ಬರುತ್ತೆ?"

ಒಂದೇ ಭಯ: ಆ ಕೆಟ್ಟ ಹೋಳಿನಲ್ಲಿ ಎರಡು ಗೆರೆ ಒಂದರ ಮೇಲೊಂದು ಕೂತಿದ್ದರೆ ಈ ಮಾತು ನಡೆಯದು. ಮೇಡಂ ಪುಟ ತಿರುವಿ ಸಮೀಕರಣ ಬಿಡಿಸುತ್ತಾರೆ. ಟೈಲರ್ ಒಂದಕ್ಷರವೂ ಅರ್ಥವಾಗದೆ ಪುಟದ ಮೇಲೆ ಬಗ್ಗಿ ನಿಂತಿದ್ದಾರೆ.

ಗೆರೆಗಳು ಒಂದರ ಮೇಲೊಂದು ಕೂತಿಲ್ಲ.

"ಮಗು ಹೇಳಿದ್ದು ನಿಜ ಕಣ್ರೀ! ತಪ್ಪು ದಾರೀಲಿ ಹೋಗಿ ಸರಿಯಾದ ಮನೆ ತಲುಪಿದೆ."

ತಿದ್ದುವ ದಾರಿಯನ್ನು ಎರಡೇ ಸಾಲಲ್ಲಿ ಬರೆದು, ಒಪ್ಪಿಗೆಯೆಂದು ಕಳಿಸುತ್ತಾರೆ. ಅಷ್ಟರಲ್ಲಿ ಬೀದಿಗೆ ಬಿಸಿಲು ಬಂದಿದೆ.

"ನಿನ್ನ ಹೆಸರು ಹಾಕಲ್ವಾ?" ಎನ್ನುತ್ತಾರೆ ಗಂಡ.

"ಬೇಡಪ್ಪಾ. ಎಲ್ಲಾದ್ರೂ ಆ ಮಗು ಇದರ ಮೇಲೆ ಭಾಷಣ ಮಾಡಿದ್ರೆ ಹಿಂದಿನ ಬೆಂಚಲ್ಲಿ ಕೂತು ಕೇಳೋ ಆಸೆ, ಅಷ್ಟೇ. ಆ ಎರಡು ಸಾಲು ಬಂದಾಗ ಮಾತ್ರ ಚಪ್ಪಾಳೆ ತಟ್ಟಲ್ಲ. ತಟ್ಟಿದ್ರೆ ಸಿಕ್ಕಿಬೀಳ್ತೀನಿ."