ಒಳಗಿಟ್ಟ ಬೊಟ್ಟು

ಸೇಲಂ ಪಕ್ಕದ ಓಮಲೂರಿನಲ್ಲಿ ಮನೆಯ ಮುಂಗೋಣೆಯನ್ನೇ ಅಂಗಡಿ ಮಾಡಿಕೊಂಡು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ರಾಜಗೋಪಾಲ್‌ಗೆ ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ. ಅವನ ಹಳೆಯ ಆಸಿಲೋಸ್ಕೋಪಿನ ಪರದೆಯ ಮೇಲೆ ಹಸಿರು ಗೆರೆ ಮೂಡುತ್ತಿರಲಿಲ್ಲ. ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆ ಪೆಟ್ಟಿಗೆ ಇಲ್ಲದೆ ಅವನಿಗೆ ಕೈಕಾಲೇ ಆಡದು. ಇದನ್ನೂ ಸರಿ ಮಾಡಲಾಗದಿದ್ದರೆ ತನ್ನ ಕೆಲಸ ಮುಗಿಯಿತು, ಅಂಗಡಿ ಮುಚ್ಚುವುದೇ ಸರಿ ಎಂದು ತೀರ್ಮಾನಿಸಿಬಿಟ್ಟಿದ್ದ. ಹಠಮಾರಿ ಮನುಷ್ಯ, ತೀರ್ಮಾನಕ್ಕೆ ಹೊತ್ತು ಹಿಡಿಯುವುದಿಲ್ಲ.

ಪರದೆಯ ಕೊಳವೆಗೆ ಎರಡು ಸಾವಿರ ವೋಲ್ಟ್ ಬೇಕು. ಅಳೆದರೆ ಆರುನೂರು ದಾಟುತ್ತಿಲ್ಲ. ಡಯೋಡ್ ಬದಲಿಸಿದ, ಕೆಪಾಸಿಟರ್ ಬದಲಿಸಿದ, ಜಪ್ಪಯ್ಯ ಅಂದರೂ ಏರಲಿಲ್ಲ. ಎಲ್ಲೋ ಕರೆಂಟು ಸೋರುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟನ್ನು ಅರ್ತ್ ತಂತಿ ಕಟ್ಟಿದ ಬಿದಿರು ಕಡ್ಡಿಯಿಂದ ಇಳಿಸಿ, ಭೂತಗನ್ನಡಿ ಹಿಡಿದು ನೋಡಿದ. ಎರಡು ಟರ್ಮಿನಲ್‌ಗಳ ನಡುವೆ ಒಂದು ಕೆಂಪು ಕಲೆ, ಅಂಚು ಸುಟ್ಟು ಕಪ್ಪಾಗಿತ್ತು. ಮೂಸಿದ. ಗಂಧ, ಕುಂಕುಮ!

ಆಯುಧಪೂಜೆ ಆಗಿ ನಾಲ್ಕೇ ದಿನ. ಹೆಂಡತಿ ಈಶ್ವರಿ ಸೇಲಂನ ನೇಯ್ಗೆಯವರ ಮಗಳು. ಅವರಲ್ಲಿ ಮಗ್ಗದ ಲಾಳಿಗೂ ಬೊಟ್ಟು ತಪ್ಪುವುದಿಲ್ಲ.

ಕಾಫಿ ತಂದ ಅವಳನ್ನು ಕೇಳಿದ. "ಇದ್ರೊಳಕ್ಕೂ ಬೊಟ್ಟು ಇಟ್ಟಿದ್ಯಾ?"

"ಊಂ. ಪೂಜೆ ದಿನ ನೀವು ದೂಳು ಒರ್ಸಕ್ಕೆ ಮುಚ್ಚಳ ತೆಗ್ದಿಟ್ಟು ಊ ತರಕ್ಕೆ ಓಗಿದ್ರಲ್ಲಾ. ಮೇಲ್ಗಡೆ ಮಾತ್ರ ಇಟ್ರೆ ಸಾಕಾ? ದುಡಿಯೋದೆಲ್ಲ ಒಳಗಡೆ ಐತೆ, ಪಾವಂ, ಪಾಪ. ಪ್ಲಗ್ ಕಿತ್ತೇ ಇಟ್ಟೆ."

ರಾಜಗೋಪಾಲ್ ಆ ಟರ್ಮಿನಲ್‌ಗಳನ್ನೂ ಅವಳ ಬೆರಳನ್ನೂ ನೋಡಿದ. ಪ್ಲಗ್ ಕಿತ್ತರೂ ಒಳಗೆ ಜೀವ ತೆಗೆಯುವಷ್ಟು ಕರೆಂಟು ಉಳಿದಿರುತ್ತದೆ. ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳುವ ಈ ಮಾತನ್ನು ಮನೆಯವಳಿಗೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಅವಳ ಮುಖ ಸಪ್ಪಗಾಯಿತು. "ನನ್ನಿಂದ್ಲೇ ಕೆಟ್ಟೋಯ್ತಾ?"

"ಕೆಟ್ಟಿದ್ದು ನನ್ ಬುದ್ಧಿ. ನಿಂಗೇನಾರ ಆಗಿದ್ರೆ..." ಅವಳ ಬೆರಳು ಹಿಡಿದುಕೊಂಡು ಕೂತ. ಕಾಫಿ ಆರಿತು.

ಆಮೇಲೆ ಸ್ಪಿರಿಟ್ಟಿನಲ್ಲಿ ಕಲೆ ಒರೆಸಿ, ಕರಿ ಕೆರೆದು, ಒಣಗಿಸಿ ಸ್ವಿಚ್ ಹಾಕಿದ. ಗೆರೆ ಮೂಡಿತು. ಈಶ್ವರಿ ಕೈಮುಗಿದಳು. ಅಂಗಡಿ ಮುಚ್ಚುವ ಯೋಚನೆ ಅವನಿಗೆ ಮರೆತೇ ಹೋಗಿತ್ತು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಿದಿರು ಕಡ್ಡಿಯನ್ನು ಅವಳ ಕೈಗೆ ಕೊಟ್ಟ.

"ಎಡಗೈ ಬೆನ್ನಿಂದೆ ಇಟ್ಕೋ. ಮೊದ್ಲು ಇಲ್ಲಿ ಮುಟ್ಸು."

"ಈ ವಯಸ್ನಾಗೆ ಇದೆಲ್ಲ ನಂಗ್ಯಾಕೆ?"

"ಮುಂದ್ಲ ವರ್ಸನೂ ಬೊಟ್ಟಿಡಕ್ಕೆ ನೀನಿರ್ಬೇಕಲ್ಲಾ" ಎಂದ.